ಡಾಕ್

ಮೇಜೆಂದರೆ ಶಹಾಬಾದಿನ ಒಂದು ಹಾಸುಗಲ್ಲು,
ಕೆಳಗೆ ಕಬ್ಬಿಣದ ನಾಲ್ಕು ಕಾಲು.
ಮೇ ತಿಂಗಳಲ್ಲಿ ಮೋಮಿನಪುರದ ಈ ಕೋಣೆಯೊಳಗೆ
ತಣ್ಣಗಿರುವುದು ಅದೊಂದೇ.

ಹಗಲು ನನ್ನದು:
ಎಡಪರದೆಯಲ್ಲಿ ನಿಜಾಮರ ಕಾಲದ ಉರ್ದು ಕಾಗದ,
ಬಲಪರದೆಯಲ್ಲಿ ವಕೀಲರಿಗೆ ಬೇಕಾದ ಕನ್ನಡ.
ರಾತ್ರಿ ಸಫೂರಾಳದು, ನನ್ನ ನೆಗೆಣ್ಣಿಯದು:
ಕಿವಿಗೆ ಹೆಡ್‌ಫೋನು, ಕಾಲಡಿಗೆ ಪೆಡಲು,
ಯಾವುದೋ ದೂರದ ಆಸ್ಪತ್ರೆಯ ಡಾಕ್ಟರು ಗೊಣಗಿದ್ದನ್ನೆಲ್ಲ
ಬೆಳಗಾಗುವುದರೊಳಗೆ ಟೈಪು ಮಾಡಿ ಕಳಿಸಬೇಕು.

ಆರು ಗಂಟೆಗೆ ಅವಳು ಎಂಟು ವಯರು ಕೀಳುತ್ತಿದ್ದಳು,
ನಾನು ಎಂಟು ವಯರು ಚುಚ್ಚುತ್ತಿದ್ದೆ,
ನಡುವೆ ಯಾವುದಾದರೊಂದು ಕಾಣೆ.
"ನಿಮ್ಮ ವಯರು", "ನಿನ್ನ ಪಿನ್ನು" ಎಂದು ಶುರುವಾದದ್ದು
ಮದುವೆಯಲ್ಲಿ ಯಾರಿಗೆ ಎಷ್ಟು ತೊಲ ಹಾಕಿದರು
ಎಂಬಲ್ಲಿಗೆ ಹೋಗಿ ಮುಟ್ಟುತ್ತಿತ್ತು.
ರಂಜಾನಿನಿಂದೀಚೆ ಅದೂ ಇಲ್ಲ.
"ನಿನ್ನ ಚಾಚಿಗೆ ಕೇಳು, ಮೌಸ್ ಎಲ್ಲಿಟ್ಟಾಳಂತ"
ಎಂದು ಐದು ವರ್ಷದ ಮಗನನ್ನು ನಡುವೆ ಓಡಿಸುತ್ತಿದ್ದೆ.

"ಡಾಕ್ ತಗೋಳ್ರಿ" ಎಂದ ಸೂಪರ್ ಮಾರ್ಕೆಟಿನ ರೇವಣಸಿದ್ದ.
"ಎಲ್ಲಾ ವಯರು ಅದರ ಹಿಂದ. ಲ್ಯಾಪ್‌ಟಾಪಿಗೆ ಒಂದೇ."
ಮನೆಯಲ್ಲಿ ಹೇಳಿದರೆ ಅತ್ತೆ ಮಂಚದಿಂದಲೇ,
"ಡಾಕ್ ಬಂತಾ? ಯಾರ ಖತ್ತು?"

ನನ್ನದು ತೆಳ್ಳನೆಯ ಬೆಳ್ಳಿಬಣ್ಣದ್ದು, ಮೈಗೆ ಒಂದೇ ತೂತು.
ಅವಳದು ಕಂಪನಿ ಕೊಟ್ಟ ಕರಿ ಇಟ್ಟಿಗೆ,
ತೊಂಬತ್ತು ವ್ಯಾಟ್ ಉಣ್ಣದೆ ಏಳುವುದಿಲ್ಲ.
ಎರಡಕ್ಕೂ ಒಪ್ಪುವಂಥದು ಬೇಕಾದರೆ
ಎರಡನ್ನೂ ತರಬೇಕು, ಇಲ್ಲೇ ಹಚ್ಚಿ ನೋಡಬೇಕು ಎಂದ.
ಹಾಗಾಗಿ ಒಂದೇ ಆಟೋ. ಜಗತ್ ವೃತ್ತ ದಾಟುವವರೆಗೂ
ತೊಡೆಯ ಮೇಲೆ ಒಬ್ಬೊಬ್ಬರಿಗೊಂದು ಚೀಲ,
ನಾನು ಎಡಕ್ಕೆ ನೋಡುತ್ತ, ಅವಳು ಬಲಕ್ಕೆ.

ಮೊದಲನೆಯದು ಅಗ್ಗ. ಎರಡೂ ಪರದೆಗೆ ಒಂದೇ ಚಿತ್ರ,
ಕ್ಷೌರದಂಗಡಿಯ ಕನ್ನಡಿಗಳ ಹಾಗೆ.
ಎರಡನೆಯದರ ಡಬ್ಬಿಯ ಮೇಲೆ ನೂರು ವ್ಯಾಟ್ ಅಂತಿತ್ತು.
"ಅದರ ಹೊಟ್ಟಿಗೇ ಹದಿನೈದು ಬೇಕ್ರಿ, ನಿಮಗ ಉಳಿಯೋದು ಎಂಬತ್ತೈದು."
ಇಟ್ಟಿಗೆಯ ಬ್ಯಾಟರಿ ನಮ್ಮ ಕಣ್ಣೆದುರೇ ಇಳಿಯುತ್ತ ಹೋಯಿತು.
ಮೂರನೆಯದಕ್ಕೆ ಒಂದು ಡ್ರೈವರು ಹಾಕಬೇಕು;
ಅವಳ ಕಂಪನಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ.
ನಾಲ್ಕನೆಯದು ಹಚ್ಚಿದ ಕೂಡಲೇ ನಡೆಯಿತು.
ಬೆಲೆ ಕೇಳಿ ಇಬ್ಬರೂ ಒಂದೇ ಉಸಿರಿಗೆ "ಯಾ ಅಲ್ಲಾ."

ಹದಿನಾರು ಸಾವಿರ.
ಅವಳು ಹನ್ನೆರಡಕ್ಕೆ ಕಾಲೂರಿ ಕೂತಳು.
ನಾನು ಚೀಲದ ಜಿಪ್ಪು ಎಳೆದು, ಎದ್ದು ನಿಂತು,
ಮೆಟ್ಟಿಲ ತನಕ ಹೋದೆ.
ಈ ಆಟವನ್ನು ಅತ್ತೆಯಿಂದಲೇ ಕಲಿತದ್ದು,
ನಾನು ಮೊದಲು, ಆರು ವರ್ಷದ ಮೇಲೆ ಅವಳು.
ಹದಿಮೂರುವರೆಗೆ ರೇವಣಸಿದ್ದ ಸೋತ,
ಒಂದು ಮೌಸ್‌ಪ್ಯಾಡನ್ನೂ ಕೊಟ್ಟ.

ಈಗ ಅದು ಹಾಸುಗಲ್ಲಿನ ಹಿಂದಂಚಿಗೆ ಕೂತಿದೆ.
ಮುಟ್ಟಿದರೆ ಈಗಷ್ಟೇ ತಟ್ಟಿಟ್ಟ ರೊಟ್ಟಿಯಷ್ಟು ಬಿಸಿ.
ಆರಕ್ಕೆ ಅವಳು ಒಂದು ವಯರು ಕೀಳುತ್ತಾಳೆ,
ನಾನು ಅದನ್ನೇ ಚುಚ್ಚುತ್ತೇನೆ.
ನಾಲ್ಕು ಸೆಕೆಂಡು. ಜಗಳಕ್ಕೂ ಸಾಲದ ಹೊತ್ತು.

ಪೆಡಲು ಮಾತ್ರ ಡಾಕಿಗೆ ಒಗ್ಗಲಿಲ್ಲ.
ಹಳೆಯದು; ಅದಕ್ಕೆ ನೇರ ಲ್ಯಾಪ್‌ಟಾಪೇ ಆಗಬೇಕು.
ಅದನ್ನು ಸುತ್ತಿಡಲು ಸಫೂರಾ ಮೇಜಿನ ಕೆಳಗೆ ಬಗ್ಗುತ್ತಾಳೆ,
ಅಲ್ಲಿಂದಲೇ, ಮುಖ ಕಾಣಿಸದೆ,
"ರಾತ್ರಿ ಒಬ್ಬನ ಹೃದಯ ದೊಡ್ಡದಾಗಿತ್ತು, ಭಾಭಿ.
ಇಪ್ಪತ್ತಾರು ವಯಸ್ಸು."

ನಾನು ಪರದೆಯ ಬೆಳಕು ಏರಿಸುತ್ತ,
"ಸಾವಿರದ ಮುನ್ನೂರ ನಲವತ್ತು ಫಸಲಿ.
ಪೂರ್ವಕ್ಕ ಬಾವಿ, ಪಶ್ಚಿಮಕ್ಕ ಅಣ್ಣನ ಹೊಲ,
ಉತ್ತರಕ್ಕ ಒಂದು ಬೇವಿನಗಿಡ.
ಮುಂದಿನ ಸಾಲು ಗೆದ್ದಲಿ ತಿಂದದ."

ಕೆಳಗೆ ಸ್ವಲ್ಪ ಹೊತ್ತು ವಯರು ಸುತ್ತುವ ಸದ್ದು.
"ಹಂಗಾದ್ರ ದಕ್ಷಿಣಕ್ಕ ಏನಂತ ಬರೀತೀರಿ?"