ಎಂಟು ಎಂಬಿ ಬುತ್ತಿ

ಉಮದಿ ಶಾಳಾದ ಕಂಪ್ಯೂಟರ್ ಖೋಲಿಯೊಳಗ
ಹನ್ನೊಂದು ಪೆಟ್ಟಿಗಿ, ಸಕ್ಕರಿ ಕಾರಖಾನಿಯವರು ಕೊಟ್ಟದ್ದು.
ಒಂದೂ ಏಳವಲ್ದು.
ಕರಿ ಪಡದೆ ಮ್ಯಾಲ ಬಿಳಿ ಸಾಲು ಓಡಿ ಓಡಿ
ಒಂದ ಜಾಗಾದಾಗ ನಿಂದರತಾವ:
ರೂಟ್ ಸಿಗಲಿಲ್ಲ.

ಕರ್ನಲ್ ಎದ್ದೈತಿ, ಅದರ ತಪ್ಪಿಲ್ಲ.
ಡಿಸ್ಕಿನ್ಯಾಗ ಎಲ್ಲಾ ಐತಿ.
ಆದರ ಡಿಸ್ಕಿನ ಬಾಗಲಾ ತಗ್ಯೂ ಕೀಲಿನೂ
ಡಿಸ್ಕಿನ ಒಳಗ ಐತಿ.

ಅಡಗಿ ಮಾಯವ್ವಗ ಇದನ್ನ ಹೇಳಿದ್ರ
ಬ್ಯಾಳಿ ತಿರುವೂ ಸೌಟು ಹಂಗ ಹಿಡಕೊಂಡು ನಿಂತಳು.
"ಹಂಗಾರ ದಾರಿಗೆ ಬುತ್ತಿ ಕಟ್ಟಿಲ್ಲೇನ ಖಾಸೀಮಬಿ, ಯಾರೂ?"

ಖರೇ ಅಂದಿ. ಬುತ್ತಿನ ಅದು.
ಕರ್ನಲ್ ಕಣ್ಣು ತಗದ ಕೂಡಲೆ ಮೆಮರಿಯೊಳಗ ಬಿಚ್ಚೂ ಗಂಟು:
ನಾಕು ಫೈಲು, ಎರಡು ಕೀಲಿ, ಒಂದು ಚೀಟಿ.
ಇಂಥಾ ಓಣಿ, ಇಂಥಾ ಮನಿ, ಹಿಂಗ ಬಾಗಲಾ ಬಡಿ.

ನಾವು ನದಾಫರು. ಅಪ್ಪ ಜತ್ತದ ಬಾಜಾರದಾಗ
ಕಮಾನು ಹೊಡದು ಅರಳಿ ಹಿಂಜತಿದ್ದ.
ಹತ್ತು ವರ್ಷ ಮಲಗಿ ಮಲಗಿ ಹಂಚಿನಂಗಾದ ಗಾದಿ
ಅವನ ಕೈಯಾಗ ಉಬ್ಬಿ ಅಂಗಳಾ ತುಂಬತಿತ್ತು,
ಮೂಗು, ಮೀಸಿ, ಚಹಾದ ಬಶಿ ಎಲ್ಲಾ ಬೆಳ್ಳಗ.
ಆಮ್ಯಾಲ ಅಷ್ಟನ್ನೂ ತಿರುಗಿ ಒಂದ ಖೋಳಿನ್ಯಾಗ ತುಂಬಬೇಕು.
ಹೊಲಿಯೂದು ಅವ್ವ, ಮ್ಯಾಲ ಕುಂತು ಒತ್ತೂದು ನಾನು.

ಬೂಟ್ ಖಾನೆದಾಗ ಜಾಗಾ ಭಾಳಿಲ್ಲ.
ಹಿಂದಿನವರು ಹಳೇ ಕರ್ನಲ್ ನಾಕು ಬಿಟ್ಟು ಹೋಗ್ಯಾರ,
ಅಳಿಸಾಕ ನನಗ ಧೈರ್ಯ ಸಾಲವಲ್ದು.
ಎಲ್ಲಾ ತುಂಬು ಅಂದ್ರ ಅರವತ್ತು ಎಂಬಿ.
ಪೆನ್‌ಡ್ರೈವಿನಿಂದ ಎಬ್ಬಿಸಿ, ಒಳಗ ಹೊಕ್ಕು
ಯಾದಿ ಕೈಲೆ ಬರಿಯಾಕ ಕುಂತೆ.
ಧ್ವನಿ ಬ್ಯಾಡ. ಕ್ಯಾಮೆರಾ ಬ್ಯಾಡ.
ವೈಫೈ, ಉಮದಿಗೆ ಬಂದಾಗ ನೋಡೂಣು.
ಕನ್ನಡದ ಅಕ್ಷರ...
ಬೆರಳು ಅಲ್ಲೇ ನಿಂತಿತು.
ಅದೂ ಬ್ಯಾಡ. ಡಿಸ್ಕಿನ್ಯಾಗ ಐತಿ, ತಾನ ಬರತೈತಿ.
ಹೊಸ್ತಿಲಾ ದಾಟೂತನಕ ಯಾವ ಭಾಷಾನೂ ಭಾರನ.

ಮೊದಲ ಸಲ ಎಕ್ಸ್‌ಝಡ್‌ಲೆ ಒತ್ತಿದೆ. ಐದಕ್ಕ ಇಳೀತು.
ಅಪ್ಪ ಇದ್ದಿದ್ರ ತೋರಸತಿದ್ದೆ.
ಹಳೇ ಕರ್ನಲ್ಲಿಗೆ ಆ ಗಂಟು ಬಿಚ್ಚಾಕ ಬರೂದಿಲ್ಲ.
ಪ್ಯಾನಿಕ್.

ಎರಡನೇ ಸಲ ಜಿಝಿಪ್. ಎಂಟು. ಬಿಚ್ಚಿತು.
ಆದರ ಚೀಟಿಯೊಳಗ ಡಿಸ್ಕಿನ ಹೆಸರು ತಪ್ಪಿ ಬರದಿದ್ದೆ.
ದಾರಿ ನಡುವ ನಿಂತು ಒಂದು ಗೆರಿ ಮಿಣಕ್ ಮಿಣಕ್:
ಏನ್ ಮಾಡ್ಲಿ, ಹೇಳು.
ಹೇಳಾಕ ಹೋದ್ರ, ಕೀಬೋರ್ಡಿನ ಡ್ರೈವರ್
ಬುತ್ತಿಯೊಳಗ ಕಟ್ಟೇ ಇಲ್ಲ!
ಅದು ಕೇಳತೈತಿ, ನಾ ಬಡೀತೀನಿ,
ನಡುವ ತಂತಿನೂ ಐತಿ.
ಜಿಲ್ಲಾ ಪರಿಷತ್ತಿಗೆ ನಾವು ಕನ್ನಡದಾಗ ಕೊಟ್ಟ ಅರ್ಜಿಗೆ
"ಮರಾಠಿಯೊಳಗ ಕೊಡ್ರಿ" ಅಂತ
ಮರಾಠಿಯೊಳಗ ಬಂದ ಉತ್ತರ ನೆನಪಾಗಿ
ಒಬ್ಬಾಕಿನ ನಕ್ಕೆ.

ನಾಕಕ್ಕ ಕರೆಂಟು ಹೋಗತೈತಿ. ಈಗ ಮೂರು ಇಪ್ಪತ್ತು.
ಏಳನೇ ಇಯತ್ತೆಯ ಲಗಮವ್ವನ್ನ ಕರದು ಕುಂಡ್ರಿಸಿದೆ.
ಡಿಸ್ಕಿನ ಮೂವತ್ತೆರಡು ಅಕ್ಷರದ ಗುರುತು
ಆಕಿ ಮಗ್ಗಿ ಹೇಳಿದಂಗ ಓದಿದಳು, ನಾ ಬರದೆ,
ಮತ್ತ ಓದಿದಳು, ನಾ ತಿದ್ದಿದೆ.
ಕೀಬೋರ್ಡ್ ಸೇರಿಸಿದೆ. ಕಟ್ಟಿದೆ. ಬಂದ್ ಮಾಡಿ ಚಾಲೂ ಮಾಡಿದೆ.

ಸಾಲು ಓಡಿದ್ವು. ಗಂಟು ಬಿಚ್ಚಿ
ಮೊದಲ ಸುತ್ತಿದ ಅರಿವಿ ಬಿಸಾಕಿತು,
ಕೀಲಿ ಹಾಕಿತು, ಬಾಗಲಾ ತಗೀತು.
ಆಮ್ಯಾಲ ತಂದ ರೊಟ್ಟಿನೂ, ಚೀಟಿನೂ ತಾನ ಅಳಿಸಿ
ಮನಿಯೊಳಗ ಕಾಲಿಟ್ಟಿತು. ಹಿಂದ ಏನೂ ಉಳಿಲಿಲ್ಲ.
ಪಡದೆ ಮ್ಯಾಲ ಲಗಮವ್ವ ತನ್ನ ಹೆಸರು ಹೊಡದಳು,
ಒತ್ತಕ್ಷರ ಸುದ್ದಾ.

"ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು
ಎಲ್ಲೀತನಕ ಬರತಾವವ್ವಾ" ಅಂದಳು ಮಾಯವ್ವ, ಬಾಗಲಾಗ ನಿಂತು.
ಬಾಗಲಾತನಕ, ಅಂದೆ.

ಇನ್ನ ಹತ್ತು ಪೆಟ್ಟಿಗಿ.
ಇದೇ ಗಂಟು ಎಲ್ಲಾಕೂ ಆಗತೈತಿ ಅಂದ್ಕೊಂಡು
ಎರಡನೇದರ ಸ್ಕ್ರೂ ಬಿಚ್ಚಿದ್ರ
ಒಳಗ ಬ್ಯಾರೆ ಕಂಪನಿ ಬೋರ್ಡು,
ಅದರ ಮ್ಯಾಲ ಬೆರಳು ದಪ್ಪ ಧೂಳು, ಅರಳಿಯಂಗ.
ಊದಾಕ ಬಗ್ಗಿದೆ.
ಕರೆಂಟು ಹೋತು.