ಅಂಕೆ

ವುಚ್ ನಗರದ ಒಂಬತ್ತನೇ ಮಹಡಿಯ ತಾರಸಿ.
ಹಿಮ ಅರ್ಧ ಕರಗಿ, ಅರ್ಧ ಗಟ್ಟಿ.
ಬೊಗುಮಿವಾ ಮರದ ಮುಕ್ಕಾಲಿ ನಿಲ್ಲಿಸಿ
ಅಳತೆಯ ಗುಂಡು ಸಿಕ್ಕಿಸುತ್ತಾಳೆ.
ನಿಂಬೆಯಷ್ಟು ದಪ್ಪ, ಬಿಳಿ. ಒಳಗೇನಿದೆ
ಎಂದು ಕೇಳುವ ಮಕ್ಕಳಿಗೆ ‘ಕಿವಿ’ ಎನ್ನುತ್ತಾಳೆ.

ಆರು ನಿಮಿಷ ಕಾಯಬೇಕು. ಕೈ ಜೇಬಿನಲ್ಲಿ.
ಮೂರು ಪಾಯಿಂಟ್ ಎರಡು.

ಡಿಸೆಂಬರಿನ ಕೊನೆಯ ರಾತ್ರಿಯವರೆಗೆ
ಏಳು ದಾಟಿದರೆ ತಪ್ಪು.
ಬೆಳಗಾಗುವಷ್ಟರಲ್ಲಿ ಅರವತ್ತೊಂದರವರೆಗೂ ಸರಿ.
ಮೀಟರಿಗೆ ಯಾರೂ ಹೇಳಲಿಲ್ಲ.
ಮೈಗೂ.

ಅಂಕೆ ಹುಟ್ಟಿದ ಬಗೆ ಅವಳು ಓದಿದ್ದಾಳೆ:
ಎಲ್ಲೋ ಒಂದು ಪ್ರಯೋಗಶಾಲೆ, ಒಂದು ಇಲಿ,
ಸನ್ನೆ ಒತ್ತಿದರೆ ಒಂದು ಕಾಳು.
ಅಲೆ ಏರಿಸಿದರು. ಒತ್ತಿತು.
ಇನ್ನೂ ಏರಿಸಿದರು. ಒತ್ತಿತು.
ಮೈ ಒಂದು ಡಿಗ್ರಿ ಕಾದಾಗ
ಹಸಿದಿದ್ದರೂ
ಸುಮ್ಮನೆ ಕೂತಿತು.
ಆ ಸುಮ್ಮನೆಯನ್ನೇ ಗುರುತು ಮಾಡಿಕೊಂಡರು.
ದುಡಿಯುವವರಿಗೆ ಅದರ ಹತ್ತರಲ್ಲೊಂದು ಪಾಲು,
ಕೂಸು, ಬಸುರಿ, ಮುದುಕರಿಗೆ ಐವತ್ತರಲ್ಲೊಂದು.
ಹತ್ತೇ ಯಾಕೆ?
ಬೆರಳು ಹತ್ತಿವೆಯಲ್ಲ, ಅದಕ್ಕೇ ಇರಬೇಕು ಎಂದು
ತರಬೇತಿಯಲ್ಲೊಬ್ಬ ಮೇಷ್ಟ್ರು ನಕ್ಕಿದ್ದರು.

ಅವಳ ತಾಯಿ ಗೆನೊವೆಫಾ
ರೇನ್‌ಕೋಟ್ ಕಾರ್ಖಾನೆಯಲ್ಲಿ ಸೂಜಿಯಿಲ್ಲದೆ ಹೊಲಿದವಳು.
ಪ್ಲಾಸ್ಟಿಕ್ಕಿನ ಅಂಚಿಗೆ ಅಂಚಿಟ್ಟು ಪೆಡಲ್ ತುಳಿದರೆ
ಅಲೆ ಬಂದು ಬೆಸೆಯುತ್ತಿತ್ತು.
ಪಕ್ಕದಲ್ಲಿ ಟ್ಯೂಬ್‌ಲೈಟ್ ಹಿಡಿದರೆ
ತಂತಿಯಿಲ್ಲದೆ ಹತ್ತಿಕೊಳ್ಳುತ್ತಿತ್ತಂತೆ;
ಊಟದ ಹೊತ್ತಿಗೆ ಹೆಂಗಸರಿಗೆ ಅದೊಂದು ಆಟ.
ಉಂಗುರ ಕಾಯುತ್ತದೆ ಎಂದು ಬಿಚ್ಚಿ
ಏಪ್ರನ್ನಿನ ಜೇಬಿಗಿಳಿಸಿ, ಸಂಜೆ ಮತ್ತೆ ತೊಡುತ್ತಿದ್ದಳು.
ಇಲಿ ನಿಲ್ಲಿಸಿತ್ತು. ತಾಯಿ ನಿಲ್ಲಿಸಲಿಲ್ಲ.
ಪಾಳಿಗೆ ನೂರೆಂಬತ್ತು ಕೋಟಿನ ಲೆಕ್ಕ.

ಆಗಲೂ ಗೋಡೆಯ ಮೇಲೊಂದು ಅಂಕೆಯಿತ್ತು,
ಇಂದಿನದಕ್ಕಿಂತ ಬಿಗಿ.
ಅಳೆಯಲು ಯಾರೂ ಬರುತ್ತಿರಲಿಲ್ಲ.

(ನಮ್ಮ ಮಾತಿನಲ್ಲಿ ಅಂಕೆಯೆಂದರೆ ಎಣಿಕೆಯೂ ಹೌದು,
ಹಿಡಿತವೂ ಹೌದು. ಅವಳ ಭಾಷೆಯಲ್ಲಿ
ಎರಡಕ್ಕೂ ಬೇರೆ ಬೇರೆ ಪದ. ಅದೇ ನಿಜವೇನೋ.)

ತಾರಸಿಯ ಆಚೆ ಮೂಲೆಯಲ್ಲಿ
ಕ್ಸಾವೆರಿ ಮುದುಕನ ಪಾರಿವಾಳದ ಗೂಡು.
‘ಎಷ್ಟು ಬಂತು?’
‘ಮಿತಿಯೊಳಗಿದೆ.’
‘ಅಂದರೆ ಹೆದರಿಕೆಯಿಲ್ಲ.’
‘ಮಿತಿಯೊಳಗಿದೆ,’ ಎಂದಳು ಇನ್ನೊಮ್ಮೆ,
ಸುಳ್ಳಲ್ಲದ್ದನ್ನು ಹೇಳುವವರ ದನಿಯಲ್ಲಿ.
ಅವನು ಕಾಳು ಎರಚುತ್ತ
ಆಂಟೆನಾದ ಮೇಲೆ ಕೂತ ಎರಡನ್ನು ತೋರಿಸಿದ:
‘ಇವಕ್ಕೆ ಎಷ್ಟು?’

ಕೈಪಿಡಿಯಲ್ಲಿ ಇಲಿಯಿಂದ ಮನುಷ್ಯನವರೆಗೆ ದಾರಿಯಿದೆ.
ಅಲ್ಲಿಂದ ಹಿಂದಕ್ಕೆ ಇಲ್ಲ.

ಮೂರು ಪಾಯಿಂಟ್ ಎರಡು ಎಂದು ಬರೆದಳು.
ಷರಾ ಎಂಬಲ್ಲಿ ಪೆನ್ನು ಊರಿ, ಎತ್ತಿ,
ಒಂದು ಚುಕ್ಕೆ ಉಳಿಸಿ,
ಹಕ್ಕಿ ಬೆದರದ ಹಾಗೆ
ಮುಕ್ಕಾಲಿಯ ಕಾಲು ಒಂದೊಂದಾಗಿ ಮಡಚಿದಳು.