ತಿರುವು ಮುರುವು

ಮಂಡಕ್ಕಿ ಭಟ್ಟಿಗಳ ಹೊಗೆಯಾಚೆ ನಮ್ಮ ಐಸ್ ಫ್ಯಾಕ್ಟರಿ.
ಅಮೋನಿಯಾ ಘಾಟಿಗೆ ಕಣ್ಣುಜ್ಜುತ್ತಲೇ
ಪಾಲಿಟೆಕ್ನಿಕ್ ಓದುವ ಶಾಹಿರಾ ಹೇಳಿದಳು:
ಕಡಲಿನ ಮೇಲ್ನೀರು ಬೆಚ್ಚಗೆ, ಅಬ್ಬಾಜಿ,
ಸಾವಿರ ಮೀಟರ್ ಕೆಳಗೆ ಕೊರೆಯುವ ಕತ್ತಲೆ.
ಆ ಬೆಚ್ಚಗೆಗೆ ಇದೇ ಅಮೋನಿಯಾ ಕುದಿದು, ಚಕ್ರ ತಿರುಗಿಸಿ,
ಈ ತಣ್ಣಗೆಗೆ ಮತ್ತೆ ತೊಟ್ಟಿಕ್ಕುತ್ತದೆ.

ಮೂವತ್ತು ವರ್ಷ ಕರೆಂಟು ಕೊಟ್ಟು ಚಳಿ ಕೊಂಡವನು ನಾನು.
ಅಲ್ಲಿ ಚಳಿ ಕೊಟ್ಟು ಕರೆಂಟು ಕೊಳ್ಳುತ್ತಾರಂತೆ!

‘ಮಿಕ್ಕ ನೀರು?’
‘ಚೆಲ್ಲೋದಿಲ್ಲ. ಮೀನುಮರಿಗೆ, ಪಾಚಿಗೆ.
ಮಣ್ಣಲ್ಲಿ ಪೈಪು ಹೂತರೆ
ಸುಡುಬಿಸಿಲಲ್ಲೂ ಕೋಸು.’

ಕಡಲನ್ನು ನಾವಿಬ್ಬರೂ ಕಂಡಿಲ್ಲ.

ನಸುಕಿಗೆ ಕಾರವಾರದ ಲಾರಿ ಬಂತು.
ಗೋಣಿಯಲ್ಲಿ ಐಸು ಕುಟ್ಟಿ ಹೊದಿಸುವಾಗ
ಒಂದು ಬಂಗುಡೆ ನನ್ನನ್ನೇ ನೋಡಿತು,
ಇದು ಯಾವ ಆಳದ್ದು ಅನ್ನುವಂತೆ.
ದಾವಣಗೆರೆಯದು, ಅಂದೆ.